ತೊಕ್ಕು ಕೆಡುವುದಿಲ್ಲ, ಬೇಯಿಸಿದ ಸಾಲ್ಸಾ ಯಾಕೆ ಬುಸ್ ಅಂದಿತು?

ಪ್ರಶ್ನೆ: ನಮ್ಮದು ತಮಿಳುನಾಡಿನ ಡೆಂಕಣಿಕೋಟೆ ಪಕ್ಕದ ಹಳ್ಳಿ. ಮನೆಯಲ್ಲಿ ಕನ್ನಡ, ಮಂಡಿಯಲ್ಲಿ ತಮಿಳು. ಟೊಮೆಟೊ ಬೆಳೆಯುತ್ತೇವೆ, ರಾಯಕೋಟೆ ಮಂಡಿಗೆ ಹಾಕುತ್ತೇವೆ. ರೇಟು ಬಿದ್ದಾಗ ಕೀಳುವ ಕೂಲಿಯೂ ಹುಟ್ಟುವುದಿಲ್ಲ. ಬೆಂಗಳೂರಿನಲ್ಲಿರುವ ಮಗಳಿಗೆ ಚಿಪ್ಸ್ ಜೊತೆ ತಿನ್ನುವ ಮೆಕ್ಸಿಕೋದ ಸಾಲ್ಸಾ ಇಷ್ಟ. ಅವಳು ಹೇಳಿದ ಹಾಗೆ ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಬೇಯಿಸಿ ಹಳೆಯ ಜಾಮ್ ಬಾಟಲಿಗಳಿಗೆ ತುಂಬಿ ಅಡುಗೆಮನೆಯ ಕಪಾಟಿನಲ್ಲಿಟ್ಟೆ. ಒಂದು, ಅದು ನೀರು ನೀರಾಯಿತು. ಎರಡು, ಎರಡು ವಾರಕ್ಕೆ ಒಂದು ಬಾಟಲಿ ತೆಗೆದರೆ ಬುಸ್ ಅಂತ ನೊರೆ ಬಂತು. ಇನ್ನೂ ಎರಡು ಬಾಟಲಿ ಇವೆ. ನಾನು ಮಾಡುವ ಟೊಮೆಟೊ ತೊಕ್ಕು ತಿಂಗಳುಗಟ್ಟಲೆ ಇರುತ್ತದೆ, ಇದು ಯಾಕೆ ಇರಲಿಲ್ಲ? ಮೆಕ್ಸಿಕೋದ ಮೆಣಸಿನಕಾಯಿ ಇಲ್ಲದೆ ಸರಿಯಾದ ಸಾಲ್ಸಾ ಆಗುತ್ತದಾ? ಚೆನ್ನಾಗಿ ಬಂದರೆ ಮಾರಬಹುದಾ?

ಉತ್ತರ: ಮೊದಲು ಆ ಉಳಿದ ಎರಡು ಬಾಟಲಿಗಳ ವಿಷಯ. ಅವನ್ನು ತೆರೆಯಬೇಡಿ, ರುಚಿ ನೋಡಬೇಡಿ, "ಇನ್ನೊಂದು ಸಲ ಕುದಿಸಿದರೆ ಸರಿಹೋಗುತ್ತದೆ" ಅಂತ ಒಲೆಯ ಮೇಲಿಡಬೇಡಿ. ಹಸುವಿನ ಕಲಗಚ್ಚಿಗೂ ಸುರಿಯಬೇಡಿ. ಮುಚ್ಚಳ ಸಮೇತ ಒಂದು ಚೀಲಕ್ಕೆ ಹಾಕಿ, ನಾಯಿ ಕೋಳಿ ಕೆದಕದಷ್ಟು ಆಳಕ್ಕೆ ಹೂತುಬಿಡಿ. ಎರಡು ಬಾಟಲಿ ಹೋದರೆ ಹೋಗಲಿ.

ನೊರೆ ಬಂದ ಬಾಟಲಿಯಲ್ಲಿ ಆಗಿರುವುದು ಹೆಚ್ಚಾಗಿ ಯೀಸ್ಟಿನ ಕೆಲಸ. ಟೊಮೆಟೊದಲ್ಲಿ ಸಕ್ಕರೆ ಅಂಶ ಇದೆ. ಬಾಟಲಿಯನ್ನೋ ಮುಚ್ಚಳವನ್ನೋ ಸರಿಯಾಗಿ ಕುದಿಸದಿದ್ದರೆ ಅಲ್ಲಿಂದ ಯೀಸ್ಟ್ ಸೇರಿಕೊಂಡು, ಸಕ್ಕರೆ ತಿಂದು ಗ್ಯಾಸ್ ಬಿಡುತ್ತದೆ. ಬುಸ್ ಅನ್ನುವುದು ಆ ಗ್ಯಾಸ್. ಒಂದು ಲೆಕ್ಕಕ್ಕೆ ಅದು ಬುಸ್ ಅಂದದ್ದೇ ಒಳ್ಳೆಯದಾಯಿತು. ಏಕೆಂದರೆ ನಿಜವಾಗಿ ಹೆದರಬೇಕಾದ ಜೀವಿ ಬೇರೆ ಇದೆ, ಅದು ಎಷ್ಟೋ ಸಲ ವಾಸನೆ, ಬಣ್ಣ, ರುಚಿ ಯಾವುದರಲ್ಲೂ ಸುಳಿವು ಕೊಡುವುದಿಲ್ಲ.

ಅದರ ಹೆಸರು ಕ್ಲಾಸ್ಟ್ರಿಡಿಯಂ ಬೊಟುಲಿನಂ. ಮಣ್ಣಿನಲ್ಲಿ ಇರುವ ಬ್ಯಾಕ್ಟೀರಿಯಾ. ಹೊಲದಿಂದ ಬರುವ ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿಯ ಜೊತೆ ಇದರ ಬೀಜಾಣು ಮನೆಗೆ ಬರುವುದು ಸಹಜ. ಸುಮ್ನೆ ತಿಂದರೆ ದೊಡ್ಡವರಿಗೆ ಏನೂ ಆಗುವುದಿಲ್ಲ, ನಾವೆಲ್ಲ ತಿನ್ನುತ್ತಲೇ ಇದ್ದೇವೆ. ತೊಂದರೆ ಶುರುವಾಗುವುದು ಗಾಳಿ ಇಲ್ಲದ, ಹುಳಿ ಕಡಿಮೆ ಇರುವ, ತೇವ ಇರುವ, ಬೆಚ್ಚಗಿನ ಜಾಗ ಸಿಕ್ಕಾಗ. ಆಗ ಬೀಜಾಣು ಮೊಳೆತು ವಿಷ ಬಿಡುತ್ತದೆ. ಆ ವಿಷ ನರಗಳನ್ನು ಹಿಡಿಯುತ್ತದೆ, ಉಸಿರಾಟವನ್ನೇ ನಿಲ್ಲಿಸಬಲ್ಲದು. ಕುದಿಯುವ ನೀರಿನ ಶಾಖಕ್ಕೆ ಈ ಬೀಜಾಣು ಸಾಯುವುದಿಲ್ಲ. ಅದನ್ನು ಕೊಲ್ಲಲು 116ರಿಂದ 121 ಡಿಗ್ರಿ ಬೇಕು. ಅದೂ ಬರೀ ಮುಟ್ಟಿದರೆ ಸಾಲದು, ಅಷ್ಟು ಹೊತ್ತು ನಿಲ್ಲಬೇಕು. ನಿಮ್ಮ ಹೊಸೂರು, ಡೆಂಕಣಿಕೋಟೆ ಕಡೆ ನೆಲವೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ನೀರು 97 ಡಿಗ್ರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಹಾಗಾದರೆ ದಾರಿ ಏನು? ಹುಳಿ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಈ ಬೀಜಾಣು ಮೊಳೆಯುವುದಿಲ್ಲ. ಪಿಎಚ್ ಕಡಿಮೆ ಆದಷ್ಟೂ ಹುಳಿ ಜಾಸ್ತಿ ಅಂತ ಲೆಕ್ಕ. ಟೊಮೆಟೊ ನಿಂತಿರುವುದು ಸರಿಯಾಗಿ ಈ ಗಡಿಯ ಮೇಲೆ. ಕೆಲವು ಹಣ್ಣು 4.2, ಕೆಲವು 4.6, ಚೆನ್ನಾಗಿ ಕಳಿತದ್ದು ಅದಕ್ಕೂ ಮೇಲೆ ಹೋಗುತ್ತದೆ. ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿಸಿದಿರಿ. ಅವು ಯಾವುದೂ ಹುಳಿ ಅಲ್ಲ. ಇಡೀ ಪಾತ್ರೆಯ ಹುಳಿ ಅಷ್ಟರ ಮಟ್ಟಿಗೆ ಇಳಿಯಿತು. ಸಾಲ್ಸಾದಲ್ಲಿ ನಿಂಬೆರಸ ರುಚಿಗೆ ಅಂತ ನಿಮ್ಮ ಮಗಳು ಹೇಳಿರಬಹುದು. ಅವತ್ತೇ ತಿನ್ನುವ ಸಾಲ್ಸಾಗೆ ಅದು ನಿಜ. ಬಾಟಲಿಗೆ ತುಂಬಿ ಹೊರಗಿಡುವ ಸಾಲ್ಸಾಗೆ ನಿಂಬೆರಸವೇ ಕಾವಲು. ಅಲ್ಲಿ "ರುಚಿಗೆ ತಕ್ಕಷ್ಟು" ಅನ್ನುವ ಮಾತೇ ಇಲ್ಲ. ಅಳತೆ ಅಂದರೆ ಅಳತೆ.

ಈಗ ನಿಮ್ಮ ತೊಕ್ಕು ಯಾಕೆ ಉಳಿಯುತ್ತದೆ ನೋಡಿ. ತೊಕ್ಕಿಗೆ ಹುಣಸೆಹಣ್ಣು ಹಾಕುತ್ತೀರಿ. ಉಪ್ಪು ಧಾರಾಳ. ಬಾಣಲೆಯಲ್ಲಿ ಎಣ್ಣೆ ಬಿಡುವ ತನಕ, ಅಂದರೆ ನೀರೆಲ್ಲ ಇಂಗುವ ತನಕ, ಗಂಟೆಗಟ್ಟಲೆ ಮಗುಚುತ್ತೀರಿ. ಹುಳಿ ಇದೆ, ಉಪ್ಪು ಇದೆ, ನೀರಿಲ್ಲ. ಮೇಲೆ ನಿಂತ ಎಣ್ಣೆ ಬೂಸ್ಟು ಬರದಂತೆ ನೋಡಿಕೊಳ್ಳುತ್ತದೆ. ಇಲ್ಲಿ ಒಂದು ಮಾತು. ಎಣ್ಣೆ ಗಾಳಿಯನ್ನು ತಡೆಯುತ್ತದೆ ಅಷ್ಟೇ. ಗಾಳಿ ಇಲ್ಲದಿದ್ದರೇ ಖುಷಿಪಡುವ ಈ ಬೊಟುಲಿನಂ ಮುಂದೆ ಎಣ್ಣೆಯ ಆಟ ನಡೆಯುವುದಿಲ್ಲ. ತೊಕ್ಕನ್ನು ಕಾಯುತ್ತಿರುವುದು ಒಳಗಿನ ಹುಳಿ, ಉಪ್ಪು ಮತ್ತು ನೀರಿನ ಕೊರತೆ. ಸಾಲ್ಸಾದಲ್ಲಿ ಈ ಮೂರರಲ್ಲಿ ಒಂದೂ ಸಾಕಷ್ಟು ಇರಲಿಲ್ಲ. ಉಪ್ಪು ಪಲ್ಯದಷ್ಟು, ನೀರು ಸಾರಿನಷ್ಟು, ಹುಳಿ ದೇವರಿಗೇ ಗೊತ್ತು. ಆದ್ದರಿಂದ ತೊಕ್ಕಿನ ಧೈರ್ಯವನ್ನು ಸಾಲ್ಸಾಗೆ ತರಬೇಡಿ.

ಇಷ್ಟು ಹೆದರಿಸಿದ ಮೇಲೆ ಅಡುಗೆಗೆ ಬರೋಣ. ಮಾಡಿ ಫ್ರಿಜ್‌ನಲ್ಲಿಟ್ಟು ವಾರದೊಳಗೆ ತಿಂದು ಮುಗಿಸುವುದಾದರೆ ಮೇಲಿನ ಯಾವ ಲೆಕ್ಕವೂ ನಿಮ್ಮ ಕೈ ಕಟ್ಟುವುದಿಲ್ಲ. ಬೆಳ್ಳುಳ್ಳಿ ನಾಲ್ಕು ಹಾಕಿ, ನಲವತ್ತು ಹಾಕಿ, ನಿಮ್ಮಿಷ್ಟ.

ಮೆಕ್ಸಿಕೋದ ಮನೆಗಳಲ್ಲಿ ಬೇಯಿಸಿದ ಸಾಲ್ಸಾ ಮಾಡುವ ಕ್ರಮ ನಮ್ಮ ಅಜ್ಜಿಯರಿಗೆ ಹೊಸದೇನಲ್ಲ. ಕೊಮಾಲ್ ಅನ್ನುವ ಚಪ್ಪಟೆ ಹೆಂಚಿನ ಮೇಲೆ ಟೊಮೆಟೊ, ಮೆಣಸಿನಕಾಯಿ, ಈರುಳ್ಳಿ, ಸಿಪ್ಪೆ ಸಮೇತ ಬೆಳ್ಳುಳ್ಳಿ ಇಟ್ಟು ಎಣ್ಣೆ ಇಲ್ಲದೆ ಸುಡುತ್ತಾರೆ. ಆಮೇಲೆ ಮೊಲ್ಕಹೇತೆ ಅನ್ನುವ ಮೂರು ಕಾಲಿನ ಕಲ್ಲಿನ ಒರಳಿನಲ್ಲಿ ಅರೆಯುತ್ತಾರೆ. ಬೇಕಿದ್ದರೆ ಬಿಸಿ ಎಣ್ಣೆಗೆ ಸುರಿದು ಒಂದಿಷ್ಟು ಹೊತ್ತು ಕುದಿಸುತ್ತಾರೆ. ಬೇಯಿಸದೆ ಹಸಿಯಾಗಿ ಹೆಚ್ಚಿ ಕಲಸುವ ಪೀಕೊ ದೆ ಗಾಯೊ ಬೇರೆ. ಅದು ನಮ್ಮ ಕೋಸಂಬರಿಯ ಜಾತಿ, ಅವತ್ತಿಗೇ ಮುಗಿಯಬೇಕು.

ಒಂದು ಕೆಜಿ ಹಣ್ಣಿಗೆ ನನ್ನ ಅಳತೆ ಹೇಳುತ್ತೇನೆ. ನಡುಗಾತ್ರದ ಎರಡು ಈರುಳ್ಳಿ, ಬೆಳ್ಳುಳ್ಳಿ ಐದಾರು ಎಸಳು, ಬಜ್ಜಿ ಮೆಣಸಿನಕಾಯಿ ಮೂರು, ಖಾರದ ಹಸಿಮೆಣಸಿನಕಾಯಿ ಎರಡು, ಉಪ್ಪು ಒಂದೂವರೆ ಟೀ ಚಮಚ, ಒಂದು ದೊಡ್ಡ ನಿಂಬೆಹಣ್ಣು, ಕೊತ್ತಂಬರಿ ಒಂದು ಹಿಡಿ, ಎಣ್ಣೆ ಎರಡು ಚಮಚ. ದೋಸೆಯ ಕಬ್ಬಿಣದ ಹೆಂಚು ಚೆನ್ನಾಗಿ ಕಾಯಲಿ. ಟೊಮೆಟೊವನ್ನು ಇಡಿಯಾಗಿಯೇ ಇಡಿ, ಹೆಚ್ಚಬೇಡಿ. ಈರುಳ್ಳಿಯನ್ನು ಬೆರಳು ದಪ್ಪದ ಬಿಲ್ಲೆ ಮಾಡಿ. ಮೆಣಸಿನಕಾಯಿಗೆ ಒಂದು ಸೀಳು ಕೊಡಿ, ಇಲ್ಲದಿದ್ದರೆ ಪಟ್ ಅಂತ ಸಿಡಿದು ಬೀಜ ಕಣ್ಣಿಗೇ ಬರುತ್ತದೆ. ಕಿಟಕಿ ತೆಗೆದಿಡಿ, ಘಾಟಿಗೆ ಇಡೀ ಮನೆ ಕೆಮ್ಮುತ್ತದೆ.

ಹೆಂಚಿನ ಮುಂದೆಯೇ ನಿಲ್ಲಿ. ಮೊದಲು ಟೊಮೆಟೊದ ತಳ ಕಪ್ಪಾಗಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಸೌಟಿನಿಂದ ಹೊರಳಿಸಿ. ಇನ್ನೊಂದು ಬದಿ ಸುಡುವಾಗ ಸಿಪ್ಪೆ ಬಿರಿದು, ರಸ ಹೆಂಚಿಗೆ ಇಳಿದು ಚುರ್ ಅಂತ ಹತ್ತಿಕೊಳ್ಳುತ್ತದೆ. ಆ ಹತ್ತಿಕೊಂಡ ಕಂದು ರಸವನ್ನು ಕೆರೆದು ಸಾಲ್ಸಾಗೇ ಸೇರಿಸಿ, ರುಚಿಯೆಲ್ಲ ಅದರಲ್ಲೇ ಇರುವುದು. ಹತ್ತು ಹದಿನೈದು ನಿಮಿಷಕ್ಕೆ ಹಣ್ಣು ಒಳಗೆಲ್ಲ ಮೆತ್ತಗಾಗಿರುತ್ತದೆ. ಬೆಳ್ಳುಳ್ಳಿಯ ಸಿಪ್ಪೆ ಕಪ್ಪಾದರೂ ಒಳಗಿನ ಎಸಳು ಬೆಣ್ಣೆಯ ಹಾಗೆ ಮೆತ್ತಗಿರಬೇಕು. ಮೆಣಸಿನಕಾಯಿ ಬೇಗ ಆಗುತ್ತದೆ, ಅದನ್ನು ಮೊದಲೇ ತೆಗೆಯಿರಿ. ಪೂರ್ತಿ ಇದ್ದಿಲಾದ ಸಿಪ್ಪೆಯನ್ನು ಕಿತ್ತು ಬಿಸಾಡಿ, ಅಲ್ಲಲ್ಲಿ ಚುಕ್ಕೆ ಇದ್ದರೆ ಇರಲಿ.

ಅರೆಯಲು ಒರಳು ಇದ್ದರೆ ಒರಳು. ಮಿಕ್ಸಿಯಾದರೆ ಒಂದೊಂದೇ ಸಲ ತಿರುಗಿಸಿ ನಿಲ್ಲಿಸಿ. ಒಂದೇ ಸಮ ಓಡಿಸಿದರೆ ಗಾಳಿ ಸೇರಿಕೊಂಡು ಸಾಲ್ಸಾ ಮಾಸಲು ಗುಲಾಬಿಯಾಗುತ್ತದೆ. ಮೊದಲು ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು ನುಣ್ಣಗೆ. ಆಮೇಲೆ ಟೊಮೆಟೊ ತರಿತರಿಯಾಗಿ. ಈರುಳ್ಳಿಯನ್ನು ನಾನು ಅರೆಯುವುದಿಲ್ಲ, ಸಣ್ಣಗೆ ಹೆಚ್ಚಿ ಹಾಕುತ್ತೇನೆ, ಬಾಯಿಗೆ ಸಿಗುತ್ತಿರಬೇಕು. ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಎಲ್ಲವನ್ನೂ ಒಮ್ಮೆಗೇ ಸುರಿಯಿರಿ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ. ಸೌಟು ಎಳೆದರೆ ತಳದಲ್ಲಿ ದಾರಿ ಬಿದ್ದು, ನಿಧಾನಕ್ಕೆ ಮುಚ್ಚಿಕೊಳ್ಳಬೇಕು. ಅದೇ ಹದ. ಒಲೆ ಆರಿಸಿ ನಿಂಬೆರಸ. ಕೊತ್ತಂಬರಿ ಬಡಿಸುವಾಗ ಮಾತ್ರ, ಬೇಯಿಸಿದರೆ ಕಪ್ಪಾಗಿ ವಾಸನೆ ಸಾಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಟೊಮೆಟೊ ಹುಳಿಗೆ ಲೋಹದ ರುಚಿ ಇಳಿಯುತ್ತದೆ. ಹಿತ್ತಾಳೆಗೆ ಕಲಾಯಿ ಇಲ್ಲದಿದ್ದರೆ ಅದೂ ಬೇಡ.

ಇನ್ನು ನೀರು ನೀರಾದ ಕಥೆ. ಇದಕ್ಕೆ ಎಲ್ಲರೂ ಹಣ್ಣನ್ನು ದೂರುತ್ತಾರೆ. ಟೊಮೆಟೊದಲ್ಲಿ ನೂರಕ್ಕೆ 94–95 ಭಾಗ ನೀರೇ ಇರುವುದು ನಿಜ. ಆದರೆ ನಿಮ್ಮದು ಲಾರಿಯಲ್ಲಿ ದೂರ ಹೋಗಲಿ ಅಂತ ಬೆಳೆಸುವ ಗಟ್ಟಿ ಹೈಬ್ರಿಡ್ ಹಣ್ಣು. ತಿರುಳು ಜಾಸ್ತಿ, ಬೀಜ ಕಡಿಮೆ. ಸಾಲ್ಸಾಗೆ ಒಳ್ಳೆಯ ಹಣ್ಣೇ. ಕೆಟ್ಟದ್ದು ಕ್ರಮ. ನೀವು ಎಲ್ಲ ಹಣ್ಣನ್ನೂ ಹೆಚ್ಚಿ ಗುಡ್ಡೆ ಹಾಕಿ, ಆಮೇಲೆ ಈರುಳ್ಳಿ ಸುಲಿದು, ಆಮೇಲೆ ಒಲೆ ಹಚ್ಚಿದಿರಿ, ಅಲ್ವಾ? ಟೊಮೆಟೊವನ್ನು ಮಂದವಾಗಿ ಹಿಡಿದಿಡುವುದು ಪೆಕ್ಟಿನ್. ಹಣ್ಣನ್ನು ಕತ್ತರಿಸಿದ ಕೂಡಲೇ ಅದರಲ್ಲೇ ಇರುವ ಕಿಣ್ವಗಳು, ಅಂದರೆ ಎಂಜೈಮ್‌ಗಳು, ಆ ಪೆಕ್ಟಿನ್ ಅನ್ನು ತುಂಡರಿಸಲು ಶುರುಮಾಡುತ್ತವೆ. ಹೆಚ್ಚಿದ ಹಣ್ಣು ಪಾತ್ರೆಯಲ್ಲಿ ಕೂತಷ್ಟು ಹೊತ್ತೂ, ನಿಧಾನವಾಗಿ ಬೆಚ್ಚಗಾಗುವಾಗಲೂ, ಈ ಕೆಲಸ ನಡೆಯುತ್ತಲೇ ಇರುತ್ತದೆ. ಕೊನೆಗೆ ತಿರುಳು ಒಂದು ಕಡೆ, ಹಳದಿ ನೀರು ಒಂದು ಕಡೆ. ಎಷ್ಟು ಕುದಿಸಿದರೂ ಒಂದಾಗುವುದಿಲ್ಲ.

ಹಣ್ಣನ್ನು ತಟ್ಟನೆ ಬಿಸಿ ಮಾಡಿದರೆ ಕಿಣ್ವ ಸಾಯುತ್ತದೆ, ಪೆಕ್ಟಿನ್ ಉಳಿಯುತ್ತದೆ. ಟೊಮೆಟೊ ಪೇಸ್ಟ್ ಕಾರ್ಖಾನೆಗಳಲ್ಲೂ ಮಂದ ಪೇಸ್ಟ್ ಬೇಕಾದಾಗ ಮಾಡುವುದು ಇದನ್ನೇ. ಮನೆಯಲ್ಲಿ ಹೀಗೆ ಮಾಡಿ. ಒಟ್ಟು ಹಣ್ಣಿನಲ್ಲಿ ಆರನೇ ಒಂದು ಭಾಗವನ್ನು ಮಾತ್ರ ಹೆಚ್ಚಿ ಬಿಸಿ ಪಾತ್ರೆಗೆ ಹಾಕಿ, ಸೌಟಿನಲ್ಲಿ ಜಜ್ಜುತ್ತಾ ಜೋರು ಉರಿಯಲ್ಲಿ ಕುದಿ ಬರಿಸಿ. ಕುದಿ ನಿಲ್ಲದ ಹಾಗೆ ಉಳಿದದ್ದನ್ನು ಹೆಚ್ಚುತ್ತಾ ಹೆಚ್ಚುತ್ತಾ ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಹೆಂಚಿನ ಮೇಲೆ ಇಡೀ ಹಣ್ಣು ಸುಟ್ಟರೆ ಈ ತಲೆನೋವೇ ಇಲ್ಲ. ಕತ್ತರಿಸುವ ಮೊದಲೇ ಒಳಗೆಲ್ಲ ಬೆಂದಿರುತ್ತದೆ. ಉಪ್ಪನ್ನೂ ಹಸಿ ಹಣ್ಣಿಗೆ ಹಾಕಿ ಕೂರಿಸಬೇಡಿ, ಅದು ಇನ್ನಷ್ಟು ನೀರು ಎಳೆಯುತ್ತದೆ. ಕಾರ್ನ್‌ಫ್ಲೋರ್ ಹಾಕಿ ಗಟ್ಟಿ ಮಾಡುವ ಆಸೆ ಬೇಡ. ಅದು ಸಾಲ್ಸಾ ಆಗುವುದಿಲ್ಲ, ಹೋಟೆಲ್‌ನ ಮಂಚೂರಿ ಸಾಸ್ ಆಗುತ್ತದೆ. ಬಾಟಲಿಗೆ ತುಂಬುವಾಗಲಂತೂ ಹಾಕಲೇಬಾರದು, ಮಂದವಾದಷ್ಟೂ ಶಾಖ ನಡುವಿಗೆ ತಲುಪುವುದು ತಡ.

ಮೆಣಸಿನಕಾಯಿಗೆ ಮೆಕ್ಸಿಕೋ ತನಕ ಹೋಗಬೇಕಿಲ್ಲ. ಟೊಮೆಟೊ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದಲೇ ನಮಗೆ ಬಂದವು. ಅವರು ಹೆಚ್ಚು ಬಳಸುವ ಹಲಪೆನ್ಯೊ ದಪ್ಪ ತೊಗಟೆಯ, ಹದ ಖಾರದ ಕಾಯಿ. ನಮ್ಮ ಸಣ್ಣ ಹಸಿಮೆಣಸಿನಕಾಯಿಯಲ್ಲಿ ಖಾರ ಇದೆ, ತೊಗಟೆ ಇಲ್ಲ. ಅದನ್ನೊಂದೇ ಹಾಕಿದರೆ ನಾಲಗೆ ಉರಿಯುತ್ತದೆ, ಕಾಯಿಯ ರುಚಿ ಸಿಗುವುದಿಲ್ಲ. ಅದಕ್ಕೇ ಬಜ್ಜಿ ಮೆಣಸಿನಕಾಯಿ ಹೇಳಿದ್ದು. ತೊಗಟೆ ಅದರಿಂದ, ಖಾರ ಇದರಿಂದ. ನಿಮ್ಮ ಹೊಸೂರು ಕಡೆ ಪಾಲಿಹೌಸ್‌ಗಳಲ್ಲಿ ದಪ್ಪ ಮೆಣಸಿನಕಾಯಿ ಬೆಳೆಯುತ್ತಾರಲ್ಲ, ಅದರ ಕೆಂಪು ಕಾಯಿ ಒಂದನ್ನು ಸುಟ್ಟು ಸೇರಿಸಿದರೆ ಸಿಹಿಯೂ ಬಣ್ಣವೂ ಬರುತ್ತದೆ. ಖಾರ ಕಡಿಮೆ ಬೇಕಿದ್ದರೆ ಬೀಜ ತೆಗೆದರೆ ಸಾಲದು. ಬೀಜ ಅಂಟಿಕೊಂಡಿರುವ ಬಿಳಿ ನಾರನ್ನು ಕೆರೆದು ತೆಗೆಯಿರಿ, ಖಾರ ತಯಾರಾಗುವುದು ಅಲ್ಲಿ. ಒಣಮೆಣಸಿನಕಾಯಿಯ ಸಾಲ್ಸಾ ಬೇಕಾದರೆ ಬ್ಯಾಡಗಿ ನಾಲ್ಕನ್ನು ಹೆಂಚಿನಲ್ಲಿ ಒಂದು ಸುತ್ತು ಬೆಚ್ಚಗೆ ಮಾಡಿ, ಬಿಸಿನೀರಿನಲ್ಲಿ ನೆನೆಸಿ ಅರೆಯಿರಿ. ಬ್ಯಾಡಗಿ ಕಪ್ಪಾದರೆ ಕಹಿ, ಜಾಗ್ರತೆ.

ಒರೆಗಾನೊ ಎಲ್ಲಿ ಅಂತ ಮಗಳು ಕೇಳಬಹುದು. ಪಿಜ್ಜಾ ಜೊತೆ ಪೊಟ್ಟಣದಲ್ಲಿ ಬರುವ ಒರೆಗಾನೊ ಪುದೀನ ಕುಟುಂಬದ್ದು, ಮೆಕ್ಸಿಕೋದವರದು ಬೇರೆಯೇ ಗಿಡ. ನಿಮ್ಮ ಹಿತ್ತಲಲ್ಲಿ ದೊಡ್ಡಪತ್ರೆ ಇದ್ದರೆ ಒಂದೇ ಒಂದು ಎಲೆ ಸಣ್ಣಗೆ ಹೆಚ್ಚಿ ಹಾಕಿ ನೋಡಿ. ಹೊರದೇಶಗಳಲ್ಲಿ ಇದೇ ದೊಡ್ಡಪತ್ರೆಯನ್ನು ಕ್ಯೂಬನ್ ಒರೆಗಾನೊ ಅಂತ ಮಾರುತ್ತಾರೆ. ಎರಡನೇ ಎಲೆ ಹಾಕಿದರೆ ಕಷಾಯದ ನೆನಪಾಗುತ್ತದೆ. ಜೀರಿಗೆ ಹಾಕುವುದು ಹೆಚ್ಚಾಗಿ ಗಡಿಯಾಚೆ ಟೆಕ್ಸಾಸ್ ಕಡೆಯ ರೂಢಿ. ಹಾಕಿದರೆ ತಪ್ಪೇನಿಲ್ಲ, ಆದರೆ ನಮ್ಮ ಕೈಯಲ್ಲಿ ಜೀರಿಗೆ ಬಿದ್ದ ಕೂಡಲೇ ಅದು ಗೊಜ್ಜಿನ ಕಡೆ ವಾಲುತ್ತದೆ. ಸಾಸಿವೆ ಒಗ್ಗರಣೆ ಕೊಡಬೇಡಿ ಅಂತ ನಾನು ಹೇಳುವುದಿಲ್ಲ, ಕೊಟ್ಟ ಮೇಲೆ ಅದನ್ನು ಸಾಲ್ಸಾ ಅನ್ನಬೇಡಿ ಅಷ್ಟೇ. ಚಿಪ್ಸ್ ಇಲ್ಲದಿದ್ದರೆ ನಿಪ್ಪಟ್ಟಿಗೆ ಚೆನ್ನಾಗಿ ಹೊಂದುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ಬಿಸಿ ರಾಗಿರೊಟ್ಟಿಯ ಮೇಲೆ ಹುರಿದ ಮೊಟ್ಟೆ, ಅದರ ಮೇಲೆ ಎರಡು ಸೌಟು ಸಾಲ್ಸಾ. ಮೆಕ್ಸಿಕೋದವರು ಮೆಕ್ಕೆಜೋಳದ ರೊಟ್ಟಿಯ ಮೇಲೆ ಇದನ್ನೇ ಬೆಳಗಿನ ತಿಂಡಿಗೆ ತಿನ್ನುತ್ತಾರೆ.

ಇನ್ನು ಇಡುವ ವಿಷಯ. ಫ್ರಿಜ್‌ನಲ್ಲಿ ಒಂದು ವಾರ. ನಿಮ್ಮ ಕಡೆ ಕರೆಂಟ್ ಜಾಸ್ತಿ ಹೋಗುತ್ತಿದ್ದರೆ ನಾಲ್ಕೈದು ದಿನ ಅಂತ ಇಟ್ಟುಕೊಳ್ಳಿ. ಮೇಲೆ ಬೂಸ್ಟು ಕಂಡರೆ ಕೆರೆದು ತೆಗೆದು ಕೆಳಗಿನದ್ದನ್ನು ತಿನ್ನಬೇಡಿ. ಬೂಸ್ಟು ಹುಳಿಯನ್ನೇ ತಿಂದು ಬದುಕುತ್ತದೆ, ಅದರ ಕೆಳಗೆ ಪಿಎಚ್ ಏರಿರುತ್ತದೆ. ಫ್ರೀಜರ್ ಇದ್ದರೆ ಅದೇ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಭದ್ರ. ಮೈನಸ್ 18 ಡಿಗ್ರಿಯಲ್ಲಿ ಯಾವ ಜೀವಿಯೂ ಬೆಳೆಯುವುದಿಲ್ಲ, ಹುಳಿಯ ಲೆಕ್ಕವೂ ಬೇಕಿಲ್ಲ. ಒಂದು ಹೊತ್ತಿಗೆ ಆಗುವಷ್ಟು ಸಣ್ಣ ಡಬ್ಬಿಗಳಲ್ಲಿ, ಮೇಲೆ ಒಂದು ಬೆರಳು ಜಾಗ ಬಿಟ್ಟು ತುಂಬಿ. ಐದಾರು ತಿಂಗಳು ರುಚಿ ಹೋಗುವುದಿಲ್ಲ. ಕರಗಿದಾಗ ಸ್ವಲ್ಪ ನೀರು ಬಿಡುತ್ತದೆ, ಐದು ನಿಮಿಷ ಕುದಿಸಿದರೆ ಸರಿಹೋಗುತ್ತದೆ.

ಫ್ರೀಜರ್ ಇಲ್ಲ, ಹೊರಗೇ ಇಡಬೇಕು ಅಂದರೆ ನನ್ನ ಸಲಹೆ ಬೇರೆ. ಸಾಲ್ಸಾ ತುಂಬಬೇಡಿ. ಬರೀ ಟೊಮೆಟೊ ತುಂಬಿ. ನಿಮ್ಮಲ್ಲಿ ಜಾಸ್ತಿ ಇರುವುದು ಟೊಮೆಟೊ ತಾನೇ? ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ವರ್ಷವಿಡೀ ಸಿಗುತ್ತವೆ. ಬಾಟಲಿಯ ಟೊಮೆಟೊ ತೆಗೆದ ದಿನ ಅವನ್ನು ಹೆಂಚಿನಲ್ಲಿ ಸುಟ್ಟು ಸೇರಿಸಿದರೆ ಕಾಲು ಗಂಟೆಯಲ್ಲಿ ತಾಜಾ ಸಾಲ್ಸಾ. ಹುಳಿ ಇಳಿಸುವ ಮೂರು ಪದಾರ್ಥ ಬಾಟಲಿಯಿಂದ ಹೊರಗೇ ಉಳಿದವು, ಲೆಕ್ಕ ಸರಳವಾಯಿತು.

ಹಣ್ಣನ್ನು ಕುದಿಯುವ ನೀರಿಗೆ ಒಂದು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ ಸಿಪ್ಪೆ ಸುಲಿಯಿರಿ. ಮೇಲೆ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಜಜ್ಜಿ ಕುದಿಸಿ, ಎಲ್ಲ ಸೇರಿದ ಮೇಲೆ ಐದು ನಿಮಿಷ ಕುದಿಯಲಿ. ಎಣ್ಣೆ ಬೇಡ. ಬಿಸಿ ಬಾಟಲಿಯ ತಳಕ್ಕೆ ಮೊದಲೇ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಹಾಕಿ. ಅರ್ಧ ಲೀಟರ್ ಬಾಟಲಿಗೆ ಕಾಲು ಟೀ ಚಮಚ, ಒಂದು ಲೀಟರಿಗೆ ಅರ್ಧ ಟೀ ಚಮಚ. 5 ಮಿಲಿಯ ಅಳತೆ ಚಮಚವೇ ಬೇಕು, ಮನೆಯ ಚಮಚಗಳಲ್ಲಿ ಒಂದರಂತೆ ಒಂದಿಲ್ಲ. ಚೂರು ಜಾಸ್ತಿಯಾದರೆ ತೊಂದರೆಯಿಲ್ಲ, ಕಡಿಮೆಯಾಗಬಾರದು. ಹುಳಿ ಅನ್ನಿಸಿದರೆ ಬಾಟಲಿ ತೆಗೆದ ದಿನ ಚಿಟಿಕೆ ಸಕ್ಕರೆ ಹಾಕಿಕೊಳ್ಳಿ. ಮರದ ನಿಂಬೆಹಣ್ಣು ಇಲ್ಲಿ ಬೇಡ. ಒಂದು ಹಣ್ಣಿನ ಹುಳಿ ಇನ್ನೊಂದರಂತೆ ಇರುವುದಿಲ್ಲ. ವಿನೆಗರ್ ಬಗ್ಗೆಯೂ ಎಚ್ಚರ. ಅಮೆರಿಕದ ಪಾಕವಿಧಾನಗಳು 5 ಶೇಕಡಾ ವಿನೆಗರ್ ಅಂತ ಹೇಳುತ್ತವೆ, ನಮ್ಮ ಅಂಗಡಿಯ ಬಾಟಲಿಗಳಲ್ಲಿ ಅನೇಕ ಸಲ 4 ಶೇಕಡಾ ಇರುತ್ತದೆ. ಚೀಟಿ ಓದದೆ ಅದೇ ಅಳತೆ ಹಾಕಿದರೆ ಹುಳಿ ಸಾಲದೆ ಹೋಗುತ್ತದೆ.

ಮೇಲೆ ಅರ್ಧ ಇಂಚು ಜಾಗ ಬಿಟ್ಟು ತುಂಬಿ, ಬಾಯಿ ಒರೆಸಿ, ಹೊಸ ಮುಚ್ಚಳ ಹಾಕಿ. ಬಾಟಲಿ ಮತ್ತೆ ಬಳಸಬಹುದು, ಒಳಗಿನ ರಬ್ಬರ್ ಪಟ್ಟಿ ಸವೆದ ಹಳೆಯ ಮುಚ್ಚಳ ಬಳಸಬಾರದು. ದೊಡ್ಡ ಪಾತ್ರೆಯ ತಳಕ್ಕೆ ಮಡಚಿದ ಬಟ್ಟೆ ಹಾಸಿ ಬಾಟಲಿಗಳನ್ನು ನಿಲ್ಲಿಸಿ, ಮುಚ್ಚಳದ ಮೇಲೆ ಒಂದು ಇಂಚು ನೀರು ಇರಲಿ. ನೀರು ಮರಳಲು ಶುರುವಾದ ಮೇಲೆ ಗಡಿಯಾರ ನೋಡಿ. ಜಜ್ಜಿದ ಟೊಮೆಟೊಗೆ ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಅರ್ಧ ಲೀಟರ್ ಅಳತೆಯ ಬಾಟಲಿಗೆ ಸಮುದ್ರಮಟ್ಟದ ಹತ್ತಿರ 35 ನಿಮಿಷ, 3,000 ಅಡಿ ತನಕ 40, ಅದಕ್ಕೂ ಮೇಲೆ 45. ಹೊಸೂರು, ಡೆಂಕಣಿಕೋಟೆ, ತಳಿ ಊರುಗಳೆಲ್ಲ ಈ 3,000 ಅಡಿಯ ಆಸುಪಾಸಿನಲ್ಲೇ ಇವೆ. ಆದ್ದರಿಂದ ಅರ್ಧ ಲೀಟರ್ ಬಾಟಲಿಗೆ ನೀವು 45 ನಿಮಿಷವನ್ನೇ ಹಿಡಿಯಿರಿ. ತೆಗೆದ ಬಾಟಲಿಯನ್ನು ತಣ್ಣನೆ ಕಡಪಾ ಕಲ್ಲಿನ ಮೇಲೆ ಇಟ್ಟರೆ ಠಪ್ ಅಂತ ಒಡೆಯುತ್ತದೆ, ಮಡಚಿದ ಬಟ್ಟೆಯ ಮೇಲಿಡಿ. ಮಾರನೆಯ ದಿನದ ತನಕ ಮುಟ್ಟಬೇಡಿ. ಮುಚ್ಚಳದ ನಡುಭಾಗ ಒಳಗೆ ಎಳೆದುಕೊಂಡಿರಬೇಕು, ಒತ್ತಿದರೆ ಟಿಕ್ ಟಿಕ್ ಅನ್ನಬಾರದು. ಟಿಕ್ ಅಂದರೆ ಆ ಬಾಟಲಿ ಫ್ರಿಜ್‌ಗೆ, ವಾರದೊಳಗೆ ಖರ್ಚು.

ಕುಕ್ಕರ್‌ನಲ್ಲಿ ನಾಲ್ಕು ವಿಷಲ್ ಹಾಕಿಸಿದರೆ ಆಗಲ್ವಾ ಅಂತ ಈ ಜಾಗದಲ್ಲಿ ಎಲ್ಲರೂ ಕೇಳುತ್ತಾರೆ. ನಮ್ಮ ಕುಕ್ಕರ್ ಅಡುಗೆಗೆ ಮಾಡಿದ್ದು. ಬೇಗ ಕಾಯುತ್ತದೆ, ಬೇಗ ತಣಿಯುತ್ತದೆ. ಬಾಟಲಿಯ ನಡುಭಾಗ ಎಷ್ಟು ಹೊತ್ತು ಎಷ್ಟು ಬಿಸಿ ಇತ್ತು ಅಂತ ಲೆಕ್ಕ ಹಾಕಲು ಅದರಲ್ಲಿ ದಾರಿ ಇಲ್ಲ. ಬೇಡ.

ಇಲ್ಲ, ಈರುಳ್ಳಿ ಮೆಣಸಿನಕಾಯಿ ಸೇರಿದ ಸಾಲ್ಸಾವನ್ನೇ ಬಾಟಲಿ ಮಾಡಬೇಕು ಅಂತ ಹಟ ಇದ್ದರೆ, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದ ಅಳತೆ ಮಾತ್ರ ಬಳಸಿ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿರುವ ಮನೆ ಆಹಾರ ಸಂರಕ್ಷಣಾ ಕೇಂದ್ರ ಒಂದು ಅಳತೆ ಕೊಟ್ಟಿದೆ. ಸಿಪ್ಪೆ ಸುಲಿದು ಹೆಚ್ಚಿದ ಟೊಮೆಟೊ 6 ಕಪ್, ಈರುಳ್ಳಿ ಮತ್ತು ಯಾವುದೇ ಬಗೆಯ ಮೆಣಸಿನಕಾಯಿ ಎಲ್ಲ ಸೇರಿ 9 ಕಪ್, ಬಾಟಲಿಯಲ್ಲಿ ಬರುವ ನಿಂಬೆರಸ ಒಂದೂವರೆ ಕಪ್, ಉಪ್ಪು 3 ಟೀ ಚಮಚ. ಕುದಿ ಬಂದ ಮೇಲೆ ಮೂರು ನಿಮಿಷ ಬೇಯಿಸಿ ಅರ್ಧ ಲೀಟರ್ ಬಾಟಲಿಗೆ ತುಂಬಿ, ನಿಮ್ಮ ಎತ್ತರಕ್ಕೆ 20 ನಿಮಿಷ ಕುದಿಯುವ ನೀರಿನಲ್ಲಿಡುವುದು. ಕಪ್ ಅಂದರೆ 240 ಮಿಲಿ. ಈರುಳ್ಳಿ ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಒಣ ಮಸಾಲೆ ಬದಲಿಸಬಹುದು, ಹಸಿ ಬೆಳ್ಳುಳ್ಳಿ ಕೊತ್ತಂಬರಿ ಸೇರಿಸುವಂತಿಲ್ಲ. ಪ್ಯೂರಿಯಂತೆ ಅರೆದು ಮಂದ ಮಾಡುವಂತಿಲ್ಲ. ಸಾಕಷ್ಟು ಹುಳಿ ಇರುತ್ತದೆ, ನನಗಂತೂ ಅಷ್ಟೇನೂ ಹಿಡಿಸುವುದಿಲ್ಲ. ಆದರೆ ಕಪಾಟಿನಲ್ಲಿ ನಿಲ್ಲಬೇಕಾದರೆ ಅಷ್ಟು ಹುಳಿ ಬೇಕು.

ಯಾವ ಹಣ್ಣು ಅನ್ನುವುದಕ್ಕೂ ಒಂದು ಮಾತು. ಅಂಗಮಾರಿ ಬಿದ್ದು ಒಣಗಿದ ಗಿಡದ ಹಣ್ಣು, ಮಂಡಿಯಿಂದ ವಾಪಸ್ ಬಂದ ಒಡಕು ಹಣ್ಣು, ಕೊಳೆತ ಭಾಗ ಕೊಯ್ದು ಉಳಿಸಿದ ಹಣ್ಣು, ಇವು ಬಾಟಲಿಗೆ ಬೇಡ. ರೇಟು ಬಿದ್ದಾಗ ಮನೆಗೆ ಉಳಿಯುವುದು ಇಂಥವೇ ಅಂತ ಗೊತ್ತು. ಆದರೆ ಸತ್ತ ಗಿಡದ ಹಣ್ಣಿನಲ್ಲಿ, ಬೂಸ್ಟು ಮುಟ್ಟಿದ ಹಣ್ಣಿನಲ್ಲಿ ಹುಳಿ ಕಡಿಮೆ. ಗಿಡದಲ್ಲಿ ಕೆಂಪಾಗಿ ಇನ್ನೂ ಗಟ್ಟಿ ಇರುವಾಗ ಕಿತ್ತದ್ದೇ ಬಾಟಲಿಗೆ. ಹುಳಿ ಜಾಸ್ತಿಯಿರುವ ನಾಟಿ ಹಣ್ಣು ಕಾಲು ಭಾಗ ಬೆರೆಸಿದರೆ ರುಚಿಯೂ ಏಳುತ್ತದೆ. ಆದರೆ ನಾಟಿ ಹಾಕಿದ್ದೇನೆ ಅಂತ ನಿಂಬೆ ಉಪ್ಪು ಬಿಡಬೇಡಿ.

ಮಾರಬಹುದಾ? ಈಗಿನ ಸ್ಥಿತಿಯಲ್ಲಿ ಬೇಡ. ಮನೆಮಂದಿಗೆ ಮಾಡುವುದೇ ಬೇರೆ, ಹೊಸೂರಿನ ಅಂಗಡಿಯಲ್ಲಿಟ್ಟು ಯಾರದ್ದೋ ಮಕ್ಕಳಿಗೆ ಕೊಡುವುದೇ ಬೇರೆ. ಮಾರಲು ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ನೋಂದಣಿ ಬೇಕು, ಚೀಟಿಯ ವಿವರ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಲೇಬೇಕು, ಜೊತೆಗೆ ತಮಿಳು ಕನ್ನಡ ನಿಮ್ಮಿಷ್ಟ. ಅದಕ್ಕಿಂತ ಮುಖ್ಯ, ಪ್ರತಿ ಸಲ ಮಾಡಿದ ಸಾಲ್ಸಾದ ಪಿಎಚ್ ಅಳೆಯುವ ಮೀಟರ್ ಮತ್ತು ಅದನ್ನು ಬಳಸುವ ತರಬೇತಿ. ಬಣ್ಣ ಬದಲಾಗುವ ಕಾಗದದ ಪಟ್ಟಿಯಲ್ಲಿ 4.4 ಯಾವುದು, 4.7 ಯಾವುದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಅದರಲ್ಲೂ ಟೊಮೆಟೊದ ಕೆಂಪಿನಲ್ಲಿ. ಕೆಡದಂತೆ ಹಾಕುವ ಸೋಡಿಯಂ ಬೆಂಜೋಯೇಟ್ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಕೆಲಸ ಮಾಡುವುದೇ ಹುಳಿ ಸರಿಯಾಗಿದ್ದಾಗ. ಅದನ್ನು ಎಷ್ಟು ಹಾಕಬಹುದು ಅನ್ನುವುದಕ್ಕೂ ಮಿತಿ ಇದೆ.

ತರಬೇತಿಗೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ, ಇದೆ. ನಿಮ್ಮ ರಾಜ್ಯದಲ್ಲೇ ಆದರೆ ತಂಜಾವೂರಿನಲ್ಲಿ ನಿಫ್ಟೆಮ್ ಅನ್ನುವ ರಾಷ್ಟ್ರೀಯ ಆಹಾರ ತಂತ್ರಜ್ಞಾನ ಸಂಸ್ಥೆ ಇದೆ. ಹತ್ತಿರದಲ್ಲಿ ವಿಚಾರಿಸಬೇಕಾದರೆ ಕೃಷ್ಣಗಿರಿ ಪಕ್ಕದ ಪೈಯೂರಿನಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಇದೆ. ಕೃಷ್ಣಗಿರಿಯಲ್ಲಿ ತೋತಾಪುರಿ ಮಾವಿನ ತಿರುಳನ್ನು ಡಬ್ಬಿ ಮಾಡುವ ಕಾರ್ಖಾನೆಗಳನ್ನು ನೀವು ನೋಡಿಯೇ ಇರುತ್ತೀರಿ. ಹುಳಿ ಮತ್ತು ಶಾಖದ ಇದೇ ಲೆಕ್ಕವನ್ನು ದಿನಾ ಮಾಡುವವರು ಅಲ್ಲಿದ್ದಾರೆ, ಪರಿಚಯದವರಿದ್ದರೆ ಒಮ್ಮೆ ಹೋಗಿ ಕೇಳಿ.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹೊಲದಲ್ಲಿ ಟನ್‌ಗಟ್ಟಲೆ ಬಿದ್ದ ಟೊಮೆಟೊಗೆ ಇದು ಪರಿಹಾರ ಅಲ್ಲ. ಒಂದು ಕೆಜಿ ಹಣ್ಣಿಗೆ ಮುಕ್ಕಾಲು ಕೆಜಿಯಷ್ಟು ಸಾಲ್ಸಾ ಬರುತ್ತದೆ. ರೇಟು ಬಿದ್ದ ದಿನ ಆ ಹಣ್ಣಿಗಿಂತ ಬಾಟಲಿ, ಮುಚ್ಚಳ, ಗ್ಯಾಸ್ ಇವುಗಳ ಖರ್ಚೇ ಜಾಸ್ತಿ. 2023ರ ಜುಲೈನಲ್ಲಿ ಕೆಜಿ ನೂರು ರೂಪಾಯಿ ದಾಟಿತ್ತಲ್ಲ, ಅಂಥ ತಿಂಗಳಿಗೆ ಅಂತ ಮನೆಗೆ ಇಪ್ಪತ್ತು ಬಾಟಲಿ ಟೊಮೆಟೊ ತುಂಬಿಟ್ಟುಕೊಳ್ಳಿ, ಮಗಳು ಬಂದಾಗ ಎರಡು ಕೊಟ್ಟು ಕಳಿಸಿ. ಬಾಟಲಿಯ ಮೇಲೆ ತುಂಬಿದ ತಾರೀಖು ಬರೆಯಿರಿ. ಒಂದು ವರ್ಷದೊಳಗೆ ಖರ್ಚು ಮಾಡಿ, ತೆರೆದ ಮೇಲೆ ಫ್ರಿಜ್‌ನಲ್ಲಿಡಿ. ಮುಚ್ಚಳ ಉಬ್ಬಿದ್ದರೆ ಅದಕ್ಕೂ ಹೂಳುವ ದಾರಿಯೇ.